ಚಿಕ್ಕಪ್ಪನ ಪಿಕಪ್ಪು

ಲಾರಿ ಇಟ್ಟವರಿಗೆ ಎರಡೇ ಕೊರಗು: ಬಾಡಿಗೆ ಸಾಲದು, ಪಿಕಪ್ ಸಾಲದು. ಮೊದಲನೆಯದಕ್ಕೆ ಮದ್ದಿಲ್ಲವೆಂದು ಗೊತ್ತಿದ್ದರಿಂದ ನಮ್ಮ ಚಿಕ್ಕಪ್ಪ ಎರಡನೆಯದರ ಬೆನ್ನು ಹತ್ತಿದರು.

ಅವರದು ಹಳೇ ಟಾಟಾ. ಹಾಸನದ ಆಲೂಗಡ್ಡೆ ಹೇರಿಕೊಂಡು ಶಿರಾಡಿ ಘಾಟಿ ಇಳಿಯುವುದು, ಮಂಗಳೂರು ಹೆಂಚು ಹೇರಿಕೊಂಡು ಹತ್ತುವುದು. ಇಳಿಯುವಾಗ ಎಲ್ಲ ಲಾರಿಯೂ ಶೂರನೇ. ಹತ್ತುವಾಗ ಮಾತ್ರ ಚಿಕ್ಕಪ್ಪನ ಗಾಡಿ ಎರಡನೇ ಗೇರಿಗೆ ಬಂದು ಏದುಸಿರು ಬಿಡುತ್ತಿತ್ತು. ಹಿಂದಿನಿಂದ ಬಂದ ಲೇಲ್ಯಾಂಡಿನವನು ಹಾರ್ನ್ ಹೊಡೆದು ಮುಂದೆ ಹೋದರೆ ಆ ರಾತ್ರಿ ಚಿಕ್ಕಪ್ಪನಿಗೆ ಊಟ ಸೇರುತ್ತಿರಲಿಲ್ಲ.

ಇಂಜಿನ್ನಿನ ಕುಲವೇನೋ ದೊಡ್ಡದು. ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಟಾಟಾದವರು ಜಮ್‌ಶೆಡ್‌ಪುರದಲ್ಲಿ ಲಾರಿ ಕಟ್ಟತೊಡಗಿದ್ದು 1954ರಲ್ಲಿ. 1969ರವರೆಗೆ ಆ ಲಾರಿಗಳ ಮೂತಿಯ ಮೇಲೆ ಬೆಂಜಿನ ನಕ್ಷತ್ರವೇ ಇತ್ತು. ನಕ್ಷತ್ರ ಹೋದ ಮೇಲೂ ವಂಶ ಅದೇ. ಚಿಕ್ಕಪ್ಪನ ಗಾಡಿಯ ಇಂಜಿನ್ನು 692; ಎಂದರೆ ಆರು ಸಿಲಿಂಡರು, 92 ಮಿಲಿಮೀಟರ್ ಬೋರು. 1951ರಲ್ಲಿ ಬೆಂಗಳೂರಲ್ಲಿ ಹುಟ್ಟಿದ ಮೈಕೋ ಕಂಪನಿಯ ಪಂಪು ಅದಕ್ಕೆ ಡೀಸೆಲ್ ಉಣಿಸುತ್ತಿತ್ತು.

“ಕಮ್ಮಿ ಖರ್ಚಲ್ಲಿ ಜಾಸ್ತಿ ಪವರ್ ಬರಬೇಕು ಮೇಸ್ತ್ರಿ” ಎಂದರು ಚಿಕ್ಕಪ್ಪ, ಗಾಡಿಯನ್ನು ಗ್ಯಾರೇಜಿಗೆ ತಂದು ನಿಲ್ಲಿಸಿ. ಮೇಸ್ತ್ರಿ ಉತ್ತರ ಕೊಡಲಿಲ್ಲ. ಹೆಡ್ ಬಿಚ್ಚಿ, ಸಿಲಿಂಡರಿನೊಳಗೆ ಹೆಬ್ಬೆರಳ ಉಗುರು ಒತ್ತಿ ಮೇಲಕ್ಕೆ ಎಳೆದರು. ಉಗುರು ಟಕ್ಕೆಂದು ತಡೆಯಿತು. ರಿಂಗು ಉಜ್ಜಿ ಉಜ್ಜಿ ಗೋಡೆ ಸವೆದು, ರಿಂಗು ಮುಟ್ಟದ ತುದಿಯಲ್ಲಿ ಮೆಟ್ಟಿಲು ಬಿದ್ದಿತ್ತು. “ನಿಮ್ಮ ಪವರ್ ಇಲ್ಲಿಂದ ಸೋರಿ ಹೋಗಿದೆ ಸ್ವಾಮಿ. ಜಾಸ್ತಿ ಆಮೇಲೆ. ಮೊದಲು ಹೋಗಿದ್ದು ವಾಪಸ್ ಬರಲಿ” ಎಂದರು. ಡೀಸೆಲ್ ಇಂಜಿನ್ನಿಗೆ ಕಿಡಿ ಹೊತ್ತಿಸುವ ಪ್ಲಗ್ಗಿಲ್ಲ. ಗಾಳಿಯನ್ನು ಹದಿನಾರು, ಹದಿನೇಳು ಪಟ್ಟು ಒತ್ತಿದಾಗ ಹುಟ್ಟುವ ಕಾವೇ ಬೆಂಕಿ. ಒತ್ತಿದ್ದು ಸೋರಿದರೆ ಶಕ್ತಿಯೂ ಸೋರಿದಂತೆಯೇ.

ಬ್ಲಾಕ್ ಬೋರಿಂಗಿಗೆ ಹೋಯಿತು, ಕ್ರ್ಯಾಂಕ್ ಗ್ರೈಂಡಿಂಗಿಗೆ ಹೋಯಿತು. ಕಾಲು ಮಿಲಿಮೀಟರ್ ಅಂಡರ್‌ಸೈಜ್ ಬೇರಿಂಗ್ ಬಂತು. ಗ್ಯಾರೇಜಿನ ಹುಡುಗ ವಾಲ್ವಿಗೆ ಪೇಸ್ಟ್ ಸವರಿ, ಕೋಲನ್ನು ಎರಡೂ ಅಂಗೈ ನಡುವೆ ಹಿಡಿದು ಮಜ್ಜಿಗೆ ಕಡೆದಂತೆ ತಿರುಗಿಸುತ್ತಿದ್ದ. ಆಮೇಲೆ ಸೀಮೆಎಣ್ಣೆ ಹುಯ್ದು, ಕೆಳಗೆ ಜಿನುಗುತ್ತದೋ ಎಂದು ಬಗ್ಗಿ ನೋಡುತ್ತಿದ್ದ. ಕಣ್ಣಿಗೆ ಕಾಣದ ಜಾಗಕ್ಕೆ ದುಡ್ಡು ಸುರಿಯುವುದು ಚಿಕ್ಕಪ್ಪನಿಗೆ ಸಂಕಟ. “ಇದೇ ದುಡ್ಡಲ್ಲಿ ಹೊಸ ಟಾರ್ಪಾಲು ತಂದಿದ್ದರೆ ನಾಲ್ಕು ಜನ ನೋಡುತ್ತಿದ್ದರು” ಎಂದು ಗೊಣಗಿದರು.

ಅಷ್ಟಕ್ಕೇ ಬಿಟ್ಟರೆ ಅವರು ನಮ್ಮ ಚಿಕ್ಕಪ್ಪನೇ ಅಲ್ಲ. ಶಿವಾಜಿನಗರದ ಗುಜರಿಯಲ್ಲಿ ಹಳೇ ಟರ್ಬೋ ಸಿಗುತ್ತದಂತೆ, ಹಾಕೋಣವೇ? ಪಂಪಿನ ಸೀಲ್ ಬಿಚ್ಚಿ ಸ್ಕ್ರೂ ಅರ್ಧ ಸುತ್ತು ತಿರುವಿದರೆ? ಮೇಸ್ತ್ರಿ ಬೀಡಿ ಆರಿಸಿದರು. “ಗಾಳಿ ಇದ್ದಷ್ಟೇ ಡೀಸೆಲ್ ಉರಿಯೋದು, ಮಿಕ್ಕಿದ್ದು ಕರೀ ಹೊಗೆ. ಟರ್ಬೋ ಹಾಕಿದ್ರೆ ಗಾಳಿಯೇನೋ ಬರುತ್ತೆ. ಪಿಸ್ಟನ್ ತಡೀಬೇಕು, ಕ್ಲಚ್ ತಡೀಬೇಕು, ರೇಡಿಯೇಟರ್ ತಡೀಬೇಕು. ಅದೂ ಇರಲಿ. ಹತ್ತೋಕೆ ಪವರ್ ಕೇಳ್ತೀರಲ್ಲ, ಇಳಿಯೋಕೆ ಬ್ರೇಕ್ ಯಾವತ್ತಾದ್ರೂ ಕೇಳಿದೀರಾ?”

ಕೊನೆಗೆ ಗಿರಾಕಿಯ ಸಮಾಧಾನಕ್ಕೆ ಚಿಕ್ಕಪ್ಪನ ಕಣ್ಣೆದುರೇ ಸ್ಕ್ರೂ ತಿರುವಿದರು. ಚಿಕ್ಕಪ್ಪ ಕಾಫಿಗೆ ಹೋದ ಮೇಲೆ ವಾಪಸ್ ತಿರುವಿ ಸೀಲ್ ಹಾಕಿದರು. ನೋಡಿದ್ದು ನಾನು ಮತ್ತು ಆ ಹುಡುಗ.

ಗಾಡಿ ಘಾಟಿಯನ್ನು ಮೂರನೇ ಗೇರಿನಲ್ಲಿ ಹತ್ತಿತು. ಹೊಸದರಲ್ಲಿ ಹತ್ತುತ್ತಿದ್ದುದೂ ಹಾಗೆಯೇ. ಆದರೆ ಕಳೆದುಹೋದದ್ದು ಕೈಗೆ ಸಿಕ್ಕರೆ ನಮಗೆಲ್ಲ ಲಾಭ ಬಂದಷ್ಟೇ ಖುಷಿ. “ಎಲ್ಲ ಸ್ಕ್ರೂ ಮಹಿಮೆ” ಎಂದು ಚಿಕ್ಕಪ್ಪ ಹಾಸನದ ತುಂಬ ಹೇಳಿಕೊಂಡು ತಿರುಗಿದರು. ನಾನು ಬಾಯಿ ಬಿಡಲಿಲ್ಲ.

ಆ ಲಾರಿ ಗುಜರಿ ಸೇರಿತು. ಮೇಸ್ತ್ರಿಯೂ ಈಗಿಲ್ಲ. 2020ರಿಂದ ಬಂದ ಬಿಎಸ್-6 ಲಾರಿಗಳಲ್ಲಿ ಡೀಸೆಲ್ಲಿನ ಯಜಮಾನಿಕೆ ಕಂಪ್ಯೂಟರಿನದು. ಮೊನ್ನೆ ಚಿಕ್ಕಪ್ಪನ ಮಗ, ಲ್ಯಾಪ್‌ಟಾಪ್ ಹಚ್ಚಿ ಪವರ್ ಏರಿಸಿಕೊಡುವವನೊಬ್ಬ ಸಿಕ್ಕಿದ್ದಾನೆ ಎಂದ. ಚಿಕ್ಕಪ್ಪ ಪೇಪರಿನಿಂದ ತಲೆಯೆತ್ತಿ, “ಬ್ರೇಕ್ ಲೈನಿಂಗ್ ಯಾವಾಗ ಹಾಕಿಸಿದ್ದು?” ಎಂದರು. ಅವನು ತಡವರಿಸಿದ. ನನಗೆ ನಗು ತಡೆಯಲಾಗಲಿಲ್ಲ.

“ನೀನ್ಯಾಕೋ ನಗ್ತೀಯ?” ಎಂದು ನನ್ನ ಕಡೆ ತಿರುಗಿದರು. “ಅವತ್ತು ಮೇಸ್ತ್ರಿ ಸ್ಕ್ರೂ ವಾಪಸ್ ತಿರುವಿದ್ದು ನಂಗೆ ಗೊತ್ತಿಲ್ಲ ಅಂದ್ಕೊಂಡ್ಯಾ? ಡೀಸೆಲ್ ಲೆಕ್ಕ ಬರೀತಿದ್ದೋನು ನಾನು ಕಣೋ.”