ಕಾಲ್ಗುಣ

ಹೆಣ್ಣುಮಗುವಿಗೆ ಹೆಸರಿಡುವ ಮೊದಲೇ ನಮ್ಮ ಜನ ಅದಕ್ಕೊಂದು ಕಾಲ್ಗುಣವನ್ನು ಕಟ್ಟಿಬಿಡುತ್ತಾರೆ. ಮಗು ಹುಟ್ಟಿದ ವರ್ಷ ಮಳೆ ಬೆಳೆ ಚೆನ್ನಾಗಿ ಆದರೆ ಅದು ಲಕ್ಷ್ಮಿಯ ಕಾಲ್ಗುಣ. ಕೊಟ್ಟಿಗೆಯ ಎಮ್ಮೆ ಸತ್ತರೆ ಅದೂ ಆ ಪುಟ್ಟ ಕಾಲುಗಳದೇ ಅಪರಾಧ. ನನ್ನ ಕಾಲ್ಗುಣ ಇಂಥ ಸಣ್ಣಪುಟ್ಟ ವಿಷಯಗಳಿಗೆ ಸೇರಿದುದಲ್ಲ. ನಾನು ಹುಟ್ಟಿದ ಹದಿನಾರು ದಿನಕ್ಕೆ ಕೋಲಾರದ ಚಿನ್ನದ ಗಣಿಯೇ ಮುಚ್ಚಿಹೋಯಿತು!

2001ರ ಫೆಬ್ರವರಿ 28 ಗಣಿಯ ಕೊನೆಯ ದಿನ. ನೂರಿಪ್ಪತ್ತು ವರ್ಷಗಳಲ್ಲಿ ಎಂಟುನೂರು ಟನ್ನಿಗೂ ಮಿಕ್ಕಿ ಚಿನ್ನವನ್ನು ಕೊಟ್ಟ ನೆಲ ಅಂದು ಬಾಯಿ ಮುಚ್ಚಿತು. ಅಮ್ಮ ಇನ್ನೂ ಬಾಣಂತಿ. ಮಗುವನ್ನು ನೋಡಲು ಬಂದ ನೆರೆಮನೆಯ ಅಜ್ಜಿಯೊಬ್ಬರು ನನ್ನ ಅಂಗಾಲನ್ನು ತಿರುಗಿಸಿ ನೋಡಿ, "ಎಂಥ ಕಾಲ್ಗುಣವಮ್ಮ ಇವಳದು!" ಎಂದು ನಿಟ್ಟುಸಿರು ಬಿಟ್ಟರಂತೆ. ಬಾಗಿಲ ಬಳಿ ಕುಳಿತಿದ್ದ ಅಪ್ಪ, "ನನ್ನ ಮಗಳು ಹುಟ್ಟಿದ್ದು ಈ ತಿಂಗಳು. ಗಣಿಗೆ ನಷ್ಟ ಶುರುವಾದದ್ದು ಯಾವ ಕಾಲದಲ್ಲಿ? ಸುಮ್ಮನಿರಿ ಅಜ್ಜಿ" ಎಂದರಂತೆ. ನಿಜಕ್ಕೂ ಅಷ್ಟು ಹೊತ್ತಿಗೆ ಅದಿರಿನಲ್ಲಿ ಚಿನ್ನದ ಅಂಶ ತೀರ ಇಳಿದುಹೋಗಿತ್ತು. ಮೂರು ಕಿಲೋಮೀಟರಿಗೂ ಹೆಚ್ಚಿನ ಆಳದಿಂದ ಕಲ್ಲನ್ನು ಮೇಲೆತ್ತುವ ಖರ್ಚು, ಅದರಿಂದ ಬರುವ ಚಿನ್ನದ ಬೆಲೆಯನ್ನು ಮೀರಿ ವರ್ಷಗಳೇ ಆಗಿದ್ದವು. ಆದರೆ ಲೆಕ್ಕಪತ್ರಕ್ಕಿಂತ ಮಗುವಿನ ಕಾಲನ್ನು ದೂರುವುದು ಸುಲಭವಲ್ಲವೇ?

ನಮ್ಮ ಊರು ಉರಿಗಾಂ. ಬಂಗಾರಪೇಟೆಯಿಂದ ಮಾರಿಕುಪ್ಪಮಿಗೆ ಹೋಗುವ ಕವಲು ರೈಲುದಾರಿಯಲ್ಲಿ ಕೋರಮಂಡಲ್, ಉರಿಗಾಂ, ಚಾಂಪಿಯನ್ ಎಂದು ಒಂದರ ಹಿಂದೊಂದು ಪುಟ್ಟ ನಿಲ್ದಾಣಗಳು ಬರುತ್ತವೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿಯೇ ಗಣಿಗೆ ಬಂದಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದುದು ಅದಾದ ಮೂರು ವರ್ಷಕ್ಕೆ. ಈ ಹೆಮ್ಮೆಯನ್ನು ನಮ್ಮ ಊರಿನ ಹಿರಿಯರು ಇಂದಿಗೂ ಬಿಟ್ಟುಕೊಡುವುದಿಲ್ಲ. ಆದರೆ ಆ ಬೆಳಕು ಮೊದಲು ಹೋದುದು ಯಂತ್ರಗಳಿಗೆ ಮತ್ತು ದೊರೆಗಳ ಬಂಗಲೆಗಳಿಗೆ. ನಾನು ಬೆಳೆದುದು ಕೂಲಿಯವರ ಲೈನು ಮನೆಯಲ್ಲಿ. ಅಕ್ಕಪಕ್ಕದವರು ತಮಿಳರು, ಎದುರು ಮನೆಯವರು ತೆಲುಗರು, ಬಂಗಾರಪೇಟೆಯ ಕಡೆಯ ಹಳ್ಳಿಯಿಂದ ಬಂದ ನಾವು ಕನ್ನಡದವರು. ಕಡ ಕೇಳುವುದು ಒಂದು ಭಾಷೆಯಲ್ಲಿ, ಜಗಳ ಇನ್ನೊಂದರಲ್ಲಿ, ಸಮಾಧಾನ ಮೂರರಲ್ಲಿಯೂ. ಗಾಳಿಯ ಕಾಲ ಬಂತೆಂದರೆ ಸೈನೈಡ್ ದಿಬ್ಬದ ಬಿಳಿಯ ಧೂಳು ಒಲೆಯ ಮೇಲಿನ ಸಾರಿಗೂ ಬೀಳುತ್ತಿತ್ತು. ಚಿನ್ನವನ್ನು ತೆಗೆದುಕೊಂಡವರು ಉಳಿದ ಪುಡಿಯನ್ನು ನಮಗೆ ಬಿಟ್ಟುಹೋಗಿದ್ದರು.

ಗಣಿ ಮುಚ್ಚಿದ ಮೇಲೆ ಊರಿಗೆ ಊರೇ ರೈಲು ಹತ್ತಿತು. ಬೆಳಕು ಹರಿಯುವ ಮೊದಲು ಬುತ್ತಿ ಹಿಡಿದು ಬೆಂಗಳೂರಿಗೆ ಹೊರಡುವುದು, ಕತ್ತಲಾದ ಮೇಲೆ ಮರಳುವುದು. ಚಾಂಪಿಯನ್ ರೀಫ್ ಗಣಿಯಲ್ಲಿ ಹದಿನೈದು ವರ್ಷ ಕೇಜಿನಲ್ಲಿ ಇಳಿದು, ಕೈ ಸುಡುವಂಥ ಬಂಡೆಗಳ ನಡುವೆ ದುಡಿದಿದ್ದ ಅಪ್ಪನಿಗೆ ವೈಟ್‌ಫೀಲ್ಡಿನ ದೊಡ್ಡ ಕಟ್ಟಡವೊಂದರ ಗೇಟಿನಲ್ಲಿ ಕಾವಲುಗಾರನ ಕೆಲಸ ಸಿಕ್ಕಿತು. ನೀಲಿ ಸಮವಸ್ತ್ರ, ಹೆಗಲಿಗೆ ಒಂದು ಪಟ್ಟಿ, ಕೈಯಲ್ಲಿ ದಪ್ಪ ರಿಜಿಸ್ಟರು. ಭೂಮಿಯ ಹೊಟ್ಟೆಯನ್ನೇ ಹೊಕ್ಕು ಬಂದವರು, ಹೋಗಿ ಬರುವ ಕಾರುಗಳ ನಂಬರನ್ನು ಬರೆದುಕೊಳ್ಳತೊಡಗಿದರು.

2019ರಲ್ಲಿ ನಾನು ಬೆಂಗಳೂರಿನ ಮಹಿಳಾ ಕಾಲೇಜೊಂದಕ್ಕೆ ಬಿ.ಎಸ್‌ಸಿ.ಗೆ ಸೇರಿದೆ. ಅಪ್ಪನೂ ನಾನೂ ಒಂದೇ ರೈಲು. ಅವರು ಗಂಡಸರ ನೂಕುನುಗ್ಗಲಿನ ಡಬ್ಬಿಯಲ್ಲಿ, ನಾನು ಹೆಂಗಸರ ಡಬ್ಬಿಯಲ್ಲಿ. ವೈಟ್‌ಫೀಲ್ಡಿನಲ್ಲಿ ಇಳಿದವರು ನಮ್ಮ ಡಬ್ಬಿಯ ಕಿಟಕಿಯ ಮುಂದೆ ಹಾಯುವಾಗ ಒಮ್ಮೆ ಕಣ್ಣೆತ್ತಿ ನೋಡಿ ಹೋಗುತ್ತಿದ್ದರು. ನಾನು ದಂಡು ನಿಲ್ದಾಣದವರೆಗೆ ಹೋಗಬೇಕು.

ಕಾಲೇಜೆಂದರೆ ಪಾಠವಷ್ಟೇ ಎಂದುಕೊಂಡಿದ್ದೆ. ಅಲ್ಲಿ ಮೊದಲು ಕೊಡಬೇಕಾದ ಪರೀಕ್ಷೆ ಬೇರೆಯೇ. "ಯಾವ ಊರು? ತಂದೆ ಏನು ಮಾಡುತ್ತಾರೆ?" ಈ ಎರಡು ಪ್ರಶ್ನೆಗಳ ಉತ್ತರದ ಮೇಲೆ ಕ್ಯಾಂಟೀನಿನಲ್ಲಿ ಯಾವ ಮೇಜು ಎಂಬುದು ತೀರ್ಮಾನವಾಗುತ್ತಿತ್ತು. 2018ರಲ್ಲಿ ಬಂದಿದ್ದ 'ಕೆ.ಜಿ.ಎಫ್.' ಚಲನಚಿತ್ರದ ಅಬ್ಬರ ಇನ್ನೂ ಇಳಿದಿರಲಿಲ್ಲ. ಊರಿನ ಹೆಸರೆತ್ತಿದರೆ ಸಾಕು, "ಹಾಗಾದರೆ ಮನೆ ತುಂಬ ಚಿನ್ನವೇ?" ಎಂದು ನಗೆ. ನಾನು ಬಲುಬೇಗ ಕಲಿತೆ. ಊರು "ಕೋಲಾರದ ಕಡೆ", ಅಪ್ಪ "ಕಂಪನಿಯಲ್ಲಿ" ಎಂದು ಹೇಳಿ ಮಾತು ತಿರುಗಿಸುತ್ತಿದ್ದೆ. ಎರಡೂ ಸುಳ್ಳಲ್ಲ. ಸುಳ್ಳಲ್ಲದ ಮಾತುಗಳಿಂದಲೇ ಎಷ್ಟು ದೊಡ್ಡ ಸುಳ್ಳನ್ನು ಕಟ್ಟಬಹುದೆಂಬುದು ನಾನು ಕಾಲೇಜಿನಲ್ಲಿ ಕಲಿತ ಮೊದಲ ಪಾಠ.

ಒಂದು ದಿನ ಅವಸರದಲ್ಲಿ ಬುತ್ತಿಯನ್ನು ಮನೆಯಲ್ಲಿಯೇ ಮರೆತು ಬಂದೆ. ಮಾಲೂರಿನಲ್ಲಿ ಹತ್ತಿದ ನನ್ನ ಸಹಪಾಠಿ ಪಕ್ಕದಲ್ಲಿ ಕುಳಿತು ಹರಟುತ್ತಿದ್ದಳು. ವೈಟ್‌ಫೀಲ್ಡಿನಲ್ಲಿ ಬಂಡಿ ನಿಂತಾಗ ಕಿಟಕಿಯ ಸರಳುಗಳ ಆಚೆ ನೀಲಿ ಸಮವಸ್ತ್ರ ಕಾಣಿಸಿತು. "ಊಟ ಮರೆತೆಯಲ್ಲಮ್ಮ!" ಅಪ್ಪ ಡಬ್ಬಿಯನ್ನು ಓರೆಮಾಡಿ ಸರಳುಗಳ ನಡುವೆ ತೂರಿಸಿದರು. ನಾನು ಇಸಿದುಕೊಂಡೆ, ತಲೆಯೆತ್ತಲಿಲ್ಲ. "ಯಾರೇ ಅದು?" ಎಂದಳು ಗೆಳತಿ.

"ನಮ್ಮ ಊರಿನವರು. ಅಮ್ಮ ಕಳಿಸಿದ್ದಾರೆ" ಎಂದೆ.

ಬಂಡಿ ಇನ್ನೂ ಹೊರಟಿರಲಿಲ್ಲ. ಅಪ್ಪ ಎರಡು ಮಾರು ದೂರದಲ್ಲಿದ್ದರು. ಅವರು ಹಿಂದಿರುಗಿ ನೋಡಲಿಲ್ಲ. ಕೇಳಿಸಿತೋ ಇಲ್ಲವೋ ಎಂದು ದಂಡು ನಿಲ್ದಾಣ ಬರುವವರೆಗೂ ಲೆಕ್ಕ ಹಾಕಿದೆ. ಕೇಳಿಸಿರಲಾರದು ಎಂಬ ಉತ್ತರವನ್ನು ನಾನೇ ಬರೆದುಕೊಂಡು ನಾನೇ ಅಂಕ ಕೊಟ್ಟುಕೊಂಡೆ.

ಮರುವಾರದಿಂದ ಅಪ್ಪನಿಗೆ ರಾತ್ರಿ ಪಾಳಿಯಾಯಿತು. "ಸಂಬಳ ಸ್ವಲ್ಪ ಹೆಚ್ಚು" ಎಂದರು. ನಾನು ಸಂಜೆ ಊರಿಗೆ ಮರಳುವ ಹೊತ್ತಿಗೆ ಅವರು ಬೆಂಗಳೂರಿನ ಕಡೆಗೆ ಹೊರಟಿರುತ್ತಿದ್ದರು. ಟೇಕಲ್ಲಿನ ಆಸುಪಾಸಿನಲ್ಲಿ ಎರಡು ಬಂಡಿಗಳೂ ಎದುರಾಗುತ್ತಿದ್ದವು. ದೀಪ ಹಚ್ಚಿದ ಕಿಟಕಿಗಳು ಸರಸರನೆ ಹಾದುಹೋಗುತ್ತಿದ್ದವು. ಅವುಗಳಲ್ಲಿ ಯಾವುದು ಅಪ್ಪನದೆಂದು ತಿಳಿಯುತ್ತಿರಲಿಲ್ಲ. ನನಗೆ ಅಂದು ದುಃಖವಾಯಿತೆಂದು ಬರೆದರೆ ಓದುಗರಿಗೆ ಹಿತವಾದೀತು. ಆದರೆ ಆದುದು ದುಃಖವಲ್ಲ, ನಿರಾಳ.

2020ರ ಮೊದಲ ತಿಂಗಳುಗಳಲ್ಲಿ ಒಂದು ದಿನ ಭೌತಶಾಸ್ತ್ರದ ಅಧ್ಯಾಪಕಿ ನ್ಯೂಟ್ರಿನೊ ಎಂಬ ಕಣದ ವಿಷಯವನ್ನು ಹೇಳುತ್ತಿದ್ದರು. ಯಾವುದಕ್ಕೂ ತಗಲದೆ, ಇಡೀ ಭೂಮಿಯನ್ನೇ ತೂರಿಕೊಂಡು ಹೋಗಬಲ್ಲ ಕಣ ಅದು. ವಾಯುಮಂಡಲದಲ್ಲಿ ಹುಟ್ಟುವ ಈ ನ್ಯೂಟ್ರಿನೊಗಳ ಗುರುತು ಮೊತ್ತಮೊದಲು ಸಿಕ್ಕಿದುದು 1965ರಲ್ಲಿ, ಎರಡು ಚಿನ್ನದ ಗಣಿಗಳ ಆಳದಲ್ಲಿ. ಒಂದು ದಕ್ಷಿಣ ಆಫ್ರಿಕದ್ದು. "ಇನ್ನೊಂದು ಇಲ್ಲಿಂದ ನೂರು ಕಿಲೋಮೀಟರು ದೂರದ ನಮ್ಮ ಕೋಲಾರದ್ದು" ಎಂದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹ್ಯಾಂ ವಿಶ್ವವಿದ್ಯಾಲಯದವರೊಡನೆ ಸೇರಿ ಚಾಂಪಿಯನ್ ರೀಫಿನ ಒಳಗೆ ಉಪಕರಣಗಳನ್ನಿಟ್ಟಿದ್ದರಂತೆ. "ನಿಮ್ಮಲ್ಲಿ ಆ ಕಡೆಯವರು ಯಾರಾದರೂ ಇದ್ದೀರಾ?"

ಮಾಲೂರಿನ ಗೆಳತಿ ನನ್ನ ಕಡೆಗೆ ತಿರುಗಿದಳು. ನಾನು ಕೈ ಎತ್ತಲಿಲ್ಲ. ಎತ್ತಿದರೆ, "ತಂದೆ ಗಣಿಯಲ್ಲಿದ್ದರೆ? ಈಗೇನು ಮಾಡುತ್ತಾರೆ?" ಎಂಬುದೇ ಮುಂದಿನ ಪ್ರಶ್ನೆ.

ಮಾರ್ಚಿಯಲ್ಲಿ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಿತು. ರೈಲು ನಿಂತಿತು; ಅಪ್ಪನ ಕೆಲಸವೂ ನಿಂತಿತು, ಸಂಬಳವೂ ನಿಂತಿತು. ಒಂದೂವರೆ ಕೋಣೆಯ ಮನೆಯಲ್ಲಿ ಅಪ್ಪನೂ ನಾನೂ ಇಡೀ ದಿನ ಒಬ್ಬರೆದುರು ಒಬ್ಬರು. ಪಡಿತರದ ಅಕ್ಕಿಯನ್ನು ಅಮ್ಮ ಪಾವಿನಿಂದ ಎರಡೆರಡು ಸಲ ಅಳೆಯುತ್ತಿದ್ದರು. ಬೇಸಿಗೆಯ ರಾತ್ರಿ ಹೊಸಿಲ ಮೇಲೆ ಕುಳಿತಾಗ, ಮಾತಿಗೆ ಏನೂ ಸಿಗದೆ, ಆ ವಿಜ್ಞಾನಿಗಳ ವಿಷಯವನ್ನು ಕೇಳಿದೆ.

ಅಪ್ಪನ ಮುಖ ಅರಳಿತು. "ನಿಮ್ಮ ತಾತ ಅವರ ಪೆಟ್ಟಿಗೆಗಳನ್ನು ಹೊತ್ತು ಇಳಿಸಿದ್ದವರು! ಒಳಗೆ ಗಾಜಿನ ಕೊಳವೆಗಳಿದ್ದುವಂತೆ. ಹಸುಗೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಹೋದೆವು ಎನ್ನುತ್ತಿದ್ದರು. ಆ ಗಾಜು ಏನನ್ನು ಹಿಡಿಯಿತೆಂದು ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ನೀನು ಓದಿದ್ದೀಯಲ್ಲ, ಹೇಳು."

ನಾನು ಹೇಳಿದೆ. ಆಕಾಶದಿಂದ ಹಗಲೂ ರಾತ್ರಿಯೂ ಕಣಗಳ ಮಳೆ ಸುರಿಯುತ್ತದೆ. ಮೇಲಿದ್ದರೆ ಆ ಗದ್ದಲದಲ್ಲಿ ನ್ಯೂಟ್ರಿನೊ ಗುರುತಿಗೆ ಸಿಗುವುದಿಲ್ಲ. ಎರಡು ಕಿಲೋಮೀಟರಿಗೂ ಹೆಚ್ಚು ದಪ್ಪದ ಬಂಡೆ ಜರಡಿಯ ಹಾಗೆ ಉಳಿದುದನ್ನೆಲ್ಲ ತಡೆದುಬಿಡುತ್ತದೆ. ಇದೊಂದು ಮಾತ್ರ ಕೆಳಗಿಳಿಯುತ್ತದೆ. ಅದಕ್ಕಾಗಿಯೇ ಅವರಿಗೆ ಅಷ್ಟು ಆಳ ಬೇಕಾಗಿತ್ತು. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ಮೇಲಿದ್ದವರಿಗೆ ಕಾಣದ್ದು ಕೆಳಗಿದ್ದವರಿಗೆ ಕಂಡಿತು ಅನ್ನು" ಎಂದರು.

ಮರುದಿನ ಅಮ್ಮ ನೀಲಿ ಸಮವಸ್ತ್ರವನ್ನು ಒಗೆದು ಮಡಿಸಿ ಪೆಟ್ಟಿಗೆಯಲ್ಲಿಡುತ್ತಿದ್ದರು. "ಮತ್ತೆ ಕೆಲಸ ಸಿಕ್ಕಿದರೂ ರಾತ್ರಿ ಪಾಳಿ ಬೇಡ ಎನ್ನಮ್ಮ, ಆ ಹೆಚ್ಚಿನ ಸಂಬಳ ಯಾರಿಗೆ ಬೇಕು?" ಎಂದೆ. ಅಮ್ಮ ನನ್ನ ಮುಖ ನೋಡಲಿಲ್ಲ. "ಎಲ್ಲಿಯ ಹೆಚ್ಚಿನ ಸಂಬಳ? ಒಂದು ಕಾಸೂ ಹೆಚ್ಚಿಲ್ಲ. 'ಮಗೂಗೆ ರೈಲಿನಲ್ಲಿ ಮುಜುಗರವಾಗುತ್ತೆ, ನಾನು ರಾತ್ರಿ ಹೋಗುತ್ತೇನೆ' ಅಂತ ಅವರೇ ಕೇಳಿ ಹಾಕಿಸಿಕೊಂಡರು" ಎಂದರು.

ಅಂದು ನಾನು ಅತ್ತೆನೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಅಪ್ಪನ ಬಳಿ ಕ್ಷಮೆ ಕೇಳಬೇಕೆಂದು ನಾಲ್ಕು ದಿನ ಅವರ ಹಿಂದೆಮುಂದೆ ಸುಳಿದೆ. ನಾನು ಬಾಯಿ ತೆರೆದಾಗಲೆಲ್ಲ ಅವರು, "ನೀರು ಬಂತೇನೋ, ಕೊಡ ಇಡು" ಎಂದು ಎದ್ದುಹೋಗುತ್ತಿದ್ದರು. ಕೆಲವರಿಗೆ ತಾವು ನೊಂದುಕೊಂಡದ್ದಕ್ಕಿಂತ ಮಕ್ಕಳು ತಲೆ ತಗ್ಗಿಸುವುದೇ ಹೆಚ್ಚು ಕಷ್ಟ. ಬೆಳೆಯುವುದೆಂದರೆ ಪದವಿ, ಸೀರೆ, ಸ್ವಂತ ಸಂಪಾದನೆ ಎಂದುಕೊಂಡಿದ್ದ ನನಗೆ, ಯಾರೂ ಕೇಳದ ಲೆಕ್ಕವನ್ನು ತಾನೇ ಒಪ್ಪಿಸಬೇಕಾದುದೂ ಅದರಲ್ಲಿ ಸೇರಿದೆಯೆಂದು ಆಗ ತಿಳಿಯಿತು.

ರೈಲು ಮತ್ತೆ ಓಡತೊಡಗಿದಾಗ ಅಪ್ಪನಿಗೆ ಬೇರೊಂದು ಗೇಟು ಸಿಕ್ಕಿತು, ಹಗಲು ಪಾಳಿ. ಮೊದಲ ದಿನವೇ ನಾನು ಹೆಂಗಸರ ಡಬ್ಬಿಯನ್ನು ಬಿಟ್ಟು ಅವರ ಪಕ್ಕದಲ್ಲಿ ಹೋಗಿ ಕುಳಿತೆ. "ಇಲ್ಲೇಕಮ್ಮ, ಇಷ್ಟು ಜನದಲ್ಲಿ?" ಎಂದರು. ಮಾಲೂರಿನಲ್ಲಿ ಗೆಳತಿಯನ್ನು ಕೂಗಿ ಕರೆದೆ. ಎದೆ ಹೊಡೆದುಕೊಳ್ಳುತ್ತಿತ್ತು. "ಇವರು ನಮ್ಮ ಅಪ್ಪ" ಎಂದೆ.

"ಗೊತ್ತು" ಎಂದಳು ಅವಳು, ನಮಸ್ಕಾರ ಮಾಡುತ್ತ. "ಆವತ್ತೇ ಗೊತ್ತಾಯಿತು. ನಿನ್ನ ಮೂಗು ಅವರದೇ ಅಲ್ಲವೇ?" ಅಪ್ಪ ವೈಟ್‌ಫೀಲ್ಡಿನಲ್ಲಿ ಇಳಿದುಹೋದ ಮೇಲೆ ಮೆಲ್ಲಗೆ ಸೇರಿಸಿದಳು: "ನಮ್ಮ ಅಪ್ಪ ಹೆಂಚಿನ ಕಾರ್ಖಾನೆಯಲ್ಲಿ ಅಂತ ಹೇಳಿದ್ದೆನಲ್ಲ, ಅಲ್ಲಿ ಲಾರಿಗೆ ಹೆಂಚು ತುಂಬುತ್ತಾರೆ." ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡು ನಕ್ಕೆವು. ಒಂದು ವರ್ಷ ಪಕ್ಕಪಕ್ಕದಲ್ಲಿ ಕುಳಿತು ಒಬ್ಬರಿಂದೊಬ್ಬರು ಬಚ್ಚಿಟ್ಟದ್ದು ಒಂದೇ ವಸ್ತುವನ್ನು!

ಈಗ ನಾನು ಬಂಗಾರಪೇಟೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಉಪಾಧ್ಯಾಯಿನಿ. ಪ್ರತಿ ವರ್ಷವೂ ಮಕ್ಕಳಿಗೆ ನ್ಯೂಟ್ರಿನೊ ಕಥೆಯನ್ನು ಹೇಳುತ್ತೇನೆ. ಪೆಟ್ಟಿಗೆ ಹೊತ್ತ ತಾತನ ಕಥೆಯನ್ನೂ ಸೇರಿಸಿಯೇ. ಅಪ್ಪ ಕಾವಲಿನ ಕೆಲಸವನ್ನು ಬಿಟ್ಟಿದ್ದಾರೆ. ನನಗೆ ಕೆಲಸ ಸಿಕ್ಕಿದ ದಿನ ನೆರೆಮನೆಯ ಆ ಅಜ್ಜಿ ಕೋಲೂರಿಕೊಂಡು ಬಂದು ನನ್ನ ಗಲ್ಲ ಹಿಡಿದು, "ನಾನು ಆಗಲೇ ಹೇಳಿರಲಿಲ್ಲವೇ? ಈ ಮಗುವಿನ ಕಾಲ್ಗುಣ ಬಹಳ ಒಳ್ಳೆಯದು!" ಎಂದರು. ನನಗೆ ನಗು ತಡೆಯಲಾಗಲಿಲ್ಲ.

ಅಪ್ಪ ಬಾಗಿಲ ಬಳಿಯಿಂದಲೇ ಎಂದರು: "ಆ ಕಾಲುಗಳನ್ನು ಬಿಟ್ಟುಬಿಡಿ ಅಜ್ಜಿ. ನಾಳೆ ಬೆಳಿಗ್ಗೆ ರೈಲಿಗೆ ಹೋಗಬೇಕು ಅವು."