ಉಸಿರಿಗೆ ಕಿವಿಗೊಟ್ಟವರು

ವಿಜಯಪುರಕ್ಕೆ ಬಂದವರು ಗೋಳಗುಮ್ಮಟವನ್ನು ಕಾಣದೆ ಹಿಂದಿರುಗುವುದು ವಿರಳ. ಕಡಿದಾದ ಮೆಟ್ಟಿಲುಗಳನ್ನೇರಿ ಗುಮ್ಮಟದೊಳಗಿನ ಮೊಗಸಾಲೆಯನ್ನು ತಲುಪುವಷ್ಟರಲ್ಲಿ ಎಂಥವರಿಗೂ ಏದುಸಿರು ಬರುತ್ತದೆ. ಅಲ್ಲಿ ಒಬ್ಬರು ಗೋಡೆಯ ಬಳಿ ಪಿಸುಗುಟ್ಟಿದರೆ, ಸುಮಾರು 38 ಮೀಟರ್ ದೂರದ ಎದುರು ಬದಿಯಲ್ಲಿ ಕಿವಿಗೊಟ್ಟು ನಿಂತವರಿಗೆ ಅದು ಸ್ಪಷ್ಟವಾಗಿ ಕೇಳಿಸುತ್ತದೆ. ಆದರೆ ಎಲ್ಲರೂ ಕೂಗತೊಡಗಿದರೆ ಯಾರ ಮಾತೂ ಕೇಳಿಸದು.

ಇದೇ ಊರಿನಲ್ಲಿ ಇನ್ನೊಂದು ಬಗೆಯ ಆಲಿಸುವಿಕೆಯನ್ನೂ ಕಲಿಸಲಾಗುತ್ತದೆ. 1984ರಲ್ಲಿ ಅಲ್-ಅಮೀನ್ ವೈದ್ಯಕೀಯ ಮಹಾವಿದ್ಯಾಲಯವೂ, 1986ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ವೈದ್ಯಕೀಯ ಮಹಾವಿದ್ಯಾಲಯವೂ ಇಲ್ಲಿ ಆರಂಭವಾದವು. ವೈದ್ಯ ವಿದ್ಯಾರ್ಥಿಯು ಮೊದಲು ಅಭ್ಯಾಸ ಮಾಡುವ ವಿದ್ಯೆಗಳಲ್ಲಿ ರೋಗಿಯ ಎದೆಯನ್ನು ಆಲಿಸುವುದೂ ಒಂದು. ಅದಕ್ಕೆ ಬೇಕಾದ ಸ್ಟೆತಾಸ್ಕೋಪಿನ ಮೂಲರೂಪವು ಕಾಗದದ ಒಂದು ಸುರುಳಿ! 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್, ತರುಣಿಯೊಬ್ಬಳ ಎದೆಗೆ ನೇರವಾಗಿ ಕಿವಿಯಿಡಲು ಸಂಕೋಚಪಟ್ಟು, ಕಾಗದವನ್ನು ಕೊಳವೆಯಂತೆ ಸುತ್ತಿ ಆಲಿಸಿದನು. ಶ್ವಾಸಕೋಶದ ರೋಗಗಳನ್ನು ಆಳವಾಗಿ ಅಭ್ಯಸಿಸಿದ ಅವನೇ 1826ರಲ್ಲಿ ಕ್ಷಯಕ್ಕೆ ತುತ್ತಾದನು.

ತಿಕೋಟಾ ಅಥವಾ ಬಬಲೇಶ್ವರದ ಕಡೆಯಿಂದ ವೃದ್ಧೆಯೊಬ್ಬಳು ಆಸ್ಪತ್ರೆಗೆ ಬಂದಿರುವಳೆಂದು ಊಹಿಸಿಕೊಳ್ಳಿ. ಎಂದೂ ಬೀಡಿ ಮುಟ್ಟಿದವಳಲ್ಲ; ಆದರೂ ನಾಲ್ಕು ಹೆಜ್ಜೆ ನಡೆದರೆ ದಮ್ಮು.

“ಆಯಿ, ಎಷ್ಟು ವರ್ಷ ಒಲಿ ಮುಂದ ಕುಂತು ಅಡಗಿ ಮಾಡೀರಿ?” ಎಂದು ಕಿರಿಯ ವೈದ್ಯೆ ಕೇಳುತ್ತಾಳೆ.

“ಮದುವ್ಯಾಗಿ ಬಂದಾಗಿಂದ ಅದ ಒಲಿ, ಅದ ಹೊಗಿ ನೋಡವ್ವಾ.”

ಯಂತ್ರಗಳು ಹೇಳದ ರೋಗಮೂಲವನ್ನು ಆ ಒಂದು ಮಾತು ಹೇಳಿತು. ಕಟ್ಟಿಗೆಯ ಹೊಗೆಯೂ ಶ್ವಾಸನಾಳಗಳನ್ನು ಮೆಲ್ಲನೆ ಕೆಡಿಸಬಲ್ಲದು.

ಉಸಿರು ತಾನಾಗಿ ಸಾಗದಿದ್ದಾಗ ಏನು ಮಾಡಬೇಕು? 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಪಿಡುಗು ಹರಡಿತು. ಉಸಿರಾಟದ ಸ್ನಾಯುಗಳು ಸೋತ ಹನ್ನೆರಡು ವರ್ಷದ ಬಾಲಕಿಯೊಬ್ಬಳ ಕಂಠನಾಳಕ್ಕೆ ಕೊಳವೆ ಅಳವಡಿಸಿ, ರಬ್ಬರಿನ ಚೀಲವನ್ನು ಕೈಯಿಂದ ಒತ್ತಿ ಗಾಳಿಯೂಡುವ ಉಪಾಯವನ್ನು ಬ್ಯೋರ್ನ್ ಇಬ್ಸೆನ್ ಎಂಬ ವೈದ್ಯನು ತೋರಿದನು. ಬಾಲಕಿ ಬದುಕಿದಳು. ಇತರ ರೋಗಿಗಳಿಗಾಗಿ ಸುಮಾರು 1,500 ವೈದ್ಯ ವಿದ್ಯಾರ್ಥಿಗಳು ಸರದಿಯಂತೆ ಹಗಲಿರುಳು ಕುಳಿತು ಚೀಲವನ್ನೊತ್ತಿದರು. ಇಂದಿನ ತೀವ್ರ ನಿಗಾ ಘಟಕದ ಮೂಲ ಆ ಎಳೆಯ ಕೈಗಳಲ್ಲಿದೆ.

ಇಂದು ಆ ಕೆಲಸವನ್ನು ವೆಂಟಿಲೇಟರ್ ಮಾಡುತ್ತದೆ. ಆದರೆ ಎಷ್ಟು ಗಾಳಿ, ಎಷ್ಟು ಒತ್ತಡ ಎಂಬುದನ್ನು ಮನುಷ್ಯನೇ ನಿರ್ಧರಿಸಬೇಕು. ಒತ್ತಡ ಮಿತಿಮೀರಿದರೆ ಕಾಯಬೇಕಾದ ಯಂತ್ರವೇ ಶ್ವಾಸಕೋಶವನ್ನು ಗಾಯಗೊಳಿಸೀತು. ಆದುದರಿಂದಲೇ ಈ ಶಿಕ್ಷಣ ದೀರ್ಘವಾದುದು. ಎಂ.ಬಿ.ಬಿ.ಎಸ್. ಪದವಿಗೆ ಐದೂವರೆ ವರ್ಷ, ಎಂ.ಡಿ.ಗೆ ಮೂರು, ಅದರ ಮೇಲಿನ ಡಿ.ಎಂ. ಪದವಿಗೆ ಮತ್ತೆ ಮೂರು. ಒಟ್ಟು ಹನ್ನೊಂದೂವರೆ ವರ್ಷಗಳ ತಪಸ್ಸು. 2020ರ ಕೊರೊನಾ ಪಿಡುಗಿನಲ್ಲಿ ಈ ವಿದ್ಯೆಯ ಬೆಲೆ ಜಗತ್ತಿಗೆ ಮನವರಿಕೆಯಾಯಿತು.

ಅತ್ಯಂತ ಕಠಿಣವಾದ ಪಾಠವೊಂದು ಕೊನೆಗೂ ಉಳಿಯುತ್ತದೆ. ಎಲ್ಲ ಉಸಿರನ್ನೂ ಹಿಡಿದಿಡಲಾಗದು. ಆಗ ಬಾಗಿಲ ಹೊರಗೆ ಕಾದಿರುವ ಮನೆಯವರ ಬಳಿ ಕುಳಿತು, ಸತ್ಯವನ್ನು ಮೃದುವಾಗಿ ನುಡಿದು, ಅವರ ಅಳಲಿಗೆ ಕಿವಿಗೊಡಬೇಕು. ಅದಕ್ಕೆ ಯಾವ ಉಪಕರಣವೂ ಇಲ್ಲ. ಗುಮ್ಮಟದ ಮೊಗಸಾಲೆಯಲ್ಲಿರಲಿ, ರೋಗಿಯ ಮಂಚದ ಬದಿಯಲ್ಲಿರಲಿ, ಮೆಲುದನಿ ಕೇಳಿಸುವುದು ತಾನು ಮೌನವಾಗಿ ನಿಲ್ಲಬಲ್ಲವರಿಗೆ ಮಾತ್ರ.