ಎಲ್ಲರ ಮುಂದೂ ಸೊನ್ನೆ

ಶುಕ್ರವಾರ ಬೆಳಗ್ಗೆ ಸ್ಟ್ಯಾಂಡಪ್ ಮೀಟಿಂಗ್ ನಡೀತಿರುವಾಗಲೇ ಅಮ್ಮನ ಫೋನ್. ಎರಡು ಸಲ ಎತ್ತಲಿಲ್ಲ. ಮೂರನೇ ಸಲಕ್ಕೆ ಎದ್ದು ಹೊರಗೆ ಬಂದೆ.

"ಏನೋ ಮಗ, ನಿನ್ನೆ ಬರ್ದಿದ್ದು ಒಂದೂ ಕಾಣ್ತಿಲ್ವಲ್ಲೋ? ಹೆಸರೆಲ್ಲಾ ಐತೆ, ದುಡ್ಡು ಮಾತ್ರ ಎಲ್ಲರ ಮುಂದೂ ಸೊನ್ನೆ ತೋರಿಸ್ತೈತೆ."

ತಿಪಟೂರಿನ ಹತ್ತಿರದ ನಮ್ಮೂರಲ್ಲಿ ಅಮ್ಮ ಸ್ತ್ರೀಶಕ್ತಿ ಸಂಘದ ಪ್ರತಿನಿಧಿ. 14 ಜನ ಹೆಂಗಸರು, ವಾರಕ್ಕೆ ತಲಾ 50 ರೂಪಾಯಿ ಉಳಿತಾಯ, ಅದರ ಮೇಲೆ ಸಾಲ, ಬಡ್ಡಿ, ಕಂತು. ಯುಗಾದಿಗೆ ಊರಿಗೆ ಹೋಗಿದ್ದಾಗ ಅಮ್ಮ ರಾತ್ರಿ ಹನ್ನೊಂದಾದರೂ ಲೆಕ್ಕ ಕೂಡುತ್ತಾ ಕೂತಿದ್ದರು. "ಇದಕ್ಕೊಂದು ಆಪ್ ಮಾಡಿಕೊಡ್ತೀನಿ, ಇನ್ನು ಆ ಪುಸ್ತಕ ಬಿಡಮ್ಮ" ಅಂದಿದ್ದೆ.

ಆಪ್ ಬರೆಯೋಕೆ ಎರಡು ಶನಿವಾರ ಸಾಕಾಯ್ತು. ಪೈಥಾನ್, ಫ್ಲಾಸ್ಕ್, ಲೆಕ್ಕ ಇಡೋಕೆ ಒಂದು ಎಸ್‌ಕ್ಯೂಲೈಟ್ ಫೈಲ್. ಆದರೆ ಡಿಪ್ಲಾಯ್ ಮಾಡೋಕೆ ಆಫೀಸಲ್ಲಿ ಬೇರೆ ಟೀಮೇ ಇದೆ. ಏಳು ವರ್ಷದ ಕೆಲಸದಲ್ಲಿ ನಾನೊಬ್ಬನೇ ಕೂತು ಏನನ್ನೂ ಇಂಟರ್‌ನೆಟ್‌ಗೆ ಏರಿಸಿದವನಲ್ಲ. ಸುಲಭ ಅಂತ ಹೆರೋಕು ಆರಿಸಿಕೊಂಡೆ. ಅದರ ಉಚಿತ ಪ್ಲ್ಯಾನ್ 2022ರ ನವೆಂಬರ್ 28ಕ್ಕೇ ನಿಂತಿತ್ತು. ತಿಂಗಳಿಗೆ 5 ಡಾಲರ್‌ನ 'ಈಕೋ' ತಗೊಂಡೆ.

ಟರ್ಮಿನಲ್‌ನಲ್ಲಿ 'ಹೆರೋಕು ಕ್ರಿಯೇಟ್', ಆಮೇಲೆ 'ಗಿಟ್ ಪುಶ್ ಹೆರೋಕು ಮೇನ್'. ಸಾಲುಗಳು ಓಡಿ ಕೊನೆಗೆ ಲಿಂಕ್ ಬಂತು. ತೆರೆದರೆ 'ಅಪ್ಲಿಕೇಶನ್ ಎರರ್'. 'ಹೆರೋಕು ಲಾಗ್ಸ್' ಹೊಡೆದು ನೋಡಿದಾಗ ಗೊತ್ತಾಯ್ತು, ಕೋಡ್‌ನಲ್ಲಿ ಪೋರ್ಟ್ 5000 ಅಂತ ನಾನೇ ಬರೆದುಬಿಟ್ಟಿದ್ದೆ. ಅಲ್ಲಿ ಪೋರ್ಟ್ ನಂಬರ್ ಅವರೇ ಕೊಡ್ತಾರೆ. 60 ಸೆಕೆಂಡಿನೊಳಗೆ ಅದನ್ನು ಹಿಡಿಯದಿದ್ದರೆ ಆಪ್ ನಿಲ್ಲಿಸಿಬಿಡ್ತಾರೆ. ಪ್ರೊಕ್‌ಫೈಲ್‌ನ ಒಂದು ಸಾಲು ತಿದ್ದಿ ಮತ್ತೆ ಪುಶ್ ಮಾಡಿದೆ. ರಾತ್ರಿ ಒಂದೂವರೆಗೆ ಸಂಘದ ಹೆಸರು ನನ್ನ ಮೊಬೈಲ್‌ನಲ್ಲಿ ಮೂಡಿತು. ಎರಡು ಎಂಟ್ರಿ ಹಾಕಿ ನೋಡಿದೆ, ಸರಿಯಾಗಿತ್ತು. ಅಳಿಸಿ ಮಲಗಿದೆ.

ನಾನು ನೋಡಿದ್ದು ಐದೇ ನಿಮಿಷ. ಎಡವಟ್ಟಾಗಿದ್ದು ಅಲ್ಲೇ.

ಹೆರೋಕುವಿನಲ್ಲಿ ನಮ್ಮ ಆಪ್ ಓಡೋದು 'ಡೈನೋ' ಅನ್ನೋದರೊಳಗೆ. ಅರ್ಧ ಗಂಟೆ ಯಾರೂ ಬರದಿದ್ದರೆ ಈಕೋ ಡೈನೋ ಮಲಗಿಬಿಡುತ್ತೆ. ಮತ್ತೆ ಎದ್ದಾಗ ಅದರಲ್ಲಿರೋದು ನಾವು ಪುಶ್ ಮಾಡಿದ ಫೈಲ್‌ಗಳು ಮಾತ್ರ. ಮಧ್ಯೆ ಬರೆದದ್ದೆಲ್ಲ ಮಾಯ. 14 ಹೆಸರಿದ್ದ ಖಾಲಿ ಎಸ್‌ಕ್ಯೂಲೈಟ್ ಫೈಲನ್ನೂ ನಾನು ಕೋಡ್ ಜೊತೆಗೇ ಪುಶ್ ಮಾಡಿದ್ದೆ. ಹಾಗಾಗಿ ಹೆಸರು ಉಳೀತು, ಗುರುವಾರ ಸಂಜೆಯ ದುಡ್ಡು ಹೋಯ್ತು. ಇದನ್ನೆಲ್ಲ ಅವರ ಡಾಕ್ಯುಮೆಂಟೇಶನ್‌ನಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಓದದೇ ಇದ್ದವನು ನಾನು.

ಅಮ್ಮನಿಗೆ ಹೇಗೆ ಹೇಳೋದು? ಅಷ್ಟರಲ್ಲೇ ಒಬ್ಬರ ಮಗಳು ಲಿಂಕ್ ನೋಡಿ, "ನಮ್ಮಮ್ಮ ಕಟ್ಟಿದ 1,200 ರೂಪಾಯಿ ಕಂತು ಎಲ್ಲೋಯ್ತು?" ಅಂತ ಮನೆ ಬಾಗಿಲಿಗೇ ಬಂದಿದ್ದಳಂತೆ. ಹಿಂದಿನ ದಿನವಷ್ಟೇ ಅಮ್ಮ ಎಲ್ಲರ ಮುಂದೆ "ನನ್ನ ಮಗ ಮಾಡಿರೋದು" ಅಂತ ತೋರಿಸಿದ್ದರು. ಹನ್ನೊಂದು ವರ್ಷದಿಂದ ಒಂದು ರೂಪಾಯಿ ಆಚೀಚೆ ಆಗದ ಲೆಕ್ಕ ಅದು.

"ಅಮ್ಮ, ತಪ್ಪು ನಂದೇ. ಬರೆದಿದ್ದು ಅಳಿಸಿ ಹೋಗಿದೆ, ವಾಪಸ್ ಬರಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹೋಗ್ಲಿ ಬಿಡು. ಪುಸ್ತಕದಲ್ಲೂ ಬರ್ದಿದ್ದೆ. ಆ ಹುಡುಗಿಗೂ ಅದನ್ನೇ ತೋರಿಸಿ ಕಳಿಸ್ದೆ."

ಬಿಡು ಅಂದಿದ್ದ ಪುಸ್ತಕವೇ ನನ್ನ ಮಾನ ಉಳಿಸಿತ್ತು.

ಆ ವಾರಾಂತ್ಯ ಇನ್ನೊಂದು 5 ಡಾಲರ್ ಕೊಟ್ಟು ಪೋಸ್ಟ್‌ಗ್ರೆಸ್ ಸೇರಿಸಿದೆ. ಡೈನೋ ಮಲಗಲಿ, ಏಳಲಿ, ಡೇಟಾಬೇಸ್ ಬೇರೆ ಕಡೆ ಇರುತ್ತೆ. ದಿನಾ ಬ್ಯಾಕಪ್ ಆಗೋ ಹಾಗೆ ಮಾಡಿದೆ. ಆಮೇಲೆ ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆ: ಒಂದು ಎಂಟ್ರಿ ಹಾಕಿ, 'ಹೆರೋಕು ರಿಸ್ಟಾರ್ಟ್' ಕೊಟ್ಟು, ಅದು ಉಳಿದಿದೆಯಾ ನೋಡಿದೆ. ಉಳಿದಿತ್ತು. ಮೊದಲ ಸಲ ಡಿಪ್ಲಾಯ್ ಮಾಡುವವರು ಈ ಒಂದು ಪರೀಕ್ಷೆ ಮಾಡದೆ ಯಾರಿಗೂ ಲಿಂಕ್ ಕಳಿಸಬೇಡಿ.

ಈಗ ಗುರುವಾರ ಅಮ್ಮ ಆಪ್‌ನಲ್ಲೂ ಬರೀತಾರೆ, ಮೊತ್ತ ತಾಳೆ ನೋಡ್ತಾರೆ. ಆದರೆ ಮೊದಲು ಪುಸ್ತಕ, ಆಮೇಲೆ ಮೊಬೈಲ್. ಪುಸ್ತಕ ಬಿಡಮ್ಮ ಅಂತ ನಾನೀಗ ಹೇಳೋದಿಲ್ಲ. ಹೋದ ಸಲ ಊರಿಗೆ ಹೋದಾಗ 200 ಪುಟದ ಹೊಸ ನೋಟ್‌ಬುಕ್ ತಗೊಂಡು ಹೋಗಿದ್ದೆ.